ಇತಿಹಾಸ ಓದಲು ಯಾರಿಗೆ ಪರವಾನಗಿ?



1913ರ ಜುಲೈ ತಿಂಗಳಲ್ಲಿ 22 ವರ್ಷದ ಭಾರತೀಯ ವಿದ್ಯಾರ್ಥಿಯೊಬ್ಬರು ನ್ಯೂಯಾರ್ಕಿಗೆ ಬಂದಿಳಿದರು. ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರು ಮಂಜೂರು ಮಾಡಿದ ವಿದ್ಯಾರ್ಥಿವೇತನ ಅವರ ಆಸರೆ: ತಿಂಗಳಿಗೆ ಹನ್ನೊಂದೂವರೆ ಪೌಂಡು, ಮೂರು ವರ್ಷಗಳ ಅವಧಿ, ಓದು ಮುಗಿದ ಮೇಲೆ 10 ವರ್ಷ ಸಂಸ್ಥಾನದಲ್ಲಿ ಸೇವೆ ಸಲ್ಲಿಸಬೇಕೆಂಬ ಕರಾರು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅವರು ಅರ್ಥಶಾಸ್ತ್ರವನ್ನು ಮುಖ್ಯ ವಿಷಯವಾಗಿ ತೆಗೆದುಕೊಂಡರು. ಇತಿಹಾಸ, ಸಮಾಜಶಾಸ್ತ್ರ, ಮಾನವಶಾಸ್ತ್ರಗಳನ್ನೂ ಓದಿದರು. 1915ರಲ್ಲಿ ಎಂ.ಎ. ಪದವಿ ಪಡೆದರು. ಪ್ರಾಚೀನ ಭಾರತದ ವಾಣಿಜ್ಯದ ಮೇಲೆ, ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಮತ್ತು ಹಣಕಾಸಿನ ಮೇಲೆ ಆ ದಿನಗಳಲ್ಲೇ ಬರೆದರು. 1916ರ ಮೇ 9ರಂದು ಮಾನವಶಾಸ್ತ್ರದ ವಿಚಾರಗೋಷ್ಠಿಯೊಂದರಲ್ಲಿ ಭಾರತದ ಜಾತಿಗಳ ಹುಟ್ಟು, ಬೆಳವಣಿಗೆ, ಕಾರ್ಯವಿಧಾನಗಳನ್ನು ಕುರಿತ ಪ್ರಬಂಧ ಮಂಡಿಸಿದರು. ಅವರು ಭೀಮರಾವ್ ಅಂಬೇಡ್ಕರ್.

ಈ ಸಂಗತಿಗಳು ಸಭೆಯಲ್ಲಿರುವ ಅನೇಕರಿಗೆ ಗೊತ್ತಿರುವಂಥವೇ. ಆದರೂ ಅವುಗಳ ಪಕ್ಕದಲ್ಲಿ ಇನ್ನೊಂದು ಸಂಗತಿಯನ್ನು ಇಟ್ಟು ನೋಡುವ ಅಗತ್ಯ ಬಂದಿದೆ.

ಭಾರತ ಸರ್ಕಾರ 1954-55ರಿಂದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಎಂಬ ಯೋಜನೆಯನ್ನು ನಡೆಸುತ್ತಿದೆ. ಪರಿಶಿಷ್ಟ ಜಾತಿಗಳು, ಅಲೆಮಾರಿ ಮತ್ತು ವಿಮುಕ್ತ ಬುಡಕಟ್ಟುಗಳು, ಭೂಹೀನ ಕೃಷಿ ಕಾರ್ಮಿಕರು, ಸಾಂಪ್ರದಾಯಿಕ ಕುಶಲಕರ್ಮಿಗಳು — ಈ ವರ್ಗಗಳ ಮಕ್ಕಳು ವಿದೇಶದಲ್ಲಿ ಸ್ನಾತಕೋತ್ತರ ಪದವಿಯನ್ನೋ ಪಿಎಚ್.ಡಿ.ಯನ್ನೋ ಮಾಡಲು ನೆರವಾಗುವುದು ಅದರ ಉದ್ದೇಶ. ವರ್ಷಕ್ಕೆ 125 ಸ್ಥಾನಗಳು. ಇಷ್ಟು ದೊಡ್ಡ ದೇಶಕ್ಕೆ ಅದು ಹಿಡಿಯಷ್ಟು. ಆದರೂ ಬಾಗಿಲು ತೆರೆದಿತ್ತು. 2022ರ ಫೆಬ್ರುವರಿಯಲ್ಲಿ ಹೊರಬಿದ್ದ ಹೊಸ ಮಾರ್ಗಸೂಚಿ ಆ ಬಾಗಿಲಿನ ಒಂದು ಕದವನ್ನು ಮುಚ್ಚಿತು. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಭಾರತವನ್ನು ಆಧರಿಸಿದ ಸಾಮಾಜಿಕ ಅಧ್ಯಯನ — ಈ ವಿಷಯಗಳಿಗೆ ವಿದ್ಯಾರ್ಥಿವೇತನ ಇಲ್ಲವೆಂದಿತು. ಇವುಗಳ ಅಧ್ಯಯನಕ್ಕೆ ಬೇಕಾದ ಗ್ರಂಥಗಳೂ ವಿದ್ವಾಂಸರೂ ದೇಶದೊಳಗೇ ಇದ್ದಾರೆ, ಆ ಸ್ಥಾನಗಳನ್ನು ಬೇರೆ ವಿಷಯಗಳಿಗೆ ಬಳಸುವುದು ಮೇಲು ಎಂಬುದು ಅಧಿಕಾರಿಗಳ ಸಮಜಾಯಿಷಿ.

ಇದರ ಫಲಿತಾರ್ಥ ಇಷ್ಟು: ಪ್ರಾಚೀನ ಭಾರತದ ವಾಣಿಜ್ಯವನ್ನೋ ಜಾತಿಯ ಹುಟ್ಟನ್ನೋ ಅಧ್ಯಯನ ಮಾಡುತ್ತೇನೆಂದು ಇಂದು ಒಬ್ಬ ದಲಿತ ವಿದ್ಯಾರ್ಥಿ ಕೊಲಂಬಿಯಾಕ್ಕೆ ಹೊರಟರೆ, ಅಂಬೇಡ್ಕರರ ಹೆಸರನ್ನು ದಿನವೂ ಜಪಿಸುವ ವ್ಯವಸ್ಥೆಯೇ ಆ ಅರ್ಜಿಯನ್ನು ಬದಿಗೆ ಸರಿಸುತ್ತದೆ. ಫ್ರಾನ್ಸಿನ ಕ್ರಾಂತಿಯನ್ನು ಓದಲು ಅಡ್ಡಿಯಿಲ್ಲ. ತನ್ನ ಅಜ್ಜಿ ಹೊರಬೇಕಾಗಿ ಬಂದ ಚರಿತ್ರೆಯನ್ನು ಓದಲು ಹಣವಿಲ್ಲ.

ಹಾಗಿದ್ದರೆ ಭಾರತದ ಇತಿಹಾಸವನ್ನು ಓದಲು ಭಾರತದಿಂದ ಹೊರಗೆ ಹೋಗುವ ಅಗತ್ಯವಾದರೂ ಏನು ಎಂಬ ಪ್ರಶ್ನೆ ಏಳುತ್ತದೆ. ಇದನ್ನು ಅಧಿಕಾರಿಗಳು ಮಾತ್ರ ಕೇಳುವುದಿಲ್ಲ, ಒಳ್ಳೆಯ ಮನಸ್ಸಿನವರೂ ಕೇಳುತ್ತಾರೆ. ಪ್ರಶ್ನೆಯಲ್ಲಿ ಹುರುಳಿದೆ. ಧಾರವಾಡ, ಮೈಸೂರು, ಹಂಪಿಗಳಲ್ಲಿ ದೊಡ್ಡ ವಿದ್ವಾಂಸರು ಬೆಳೆದಿದ್ದಾರೆ. ವಿದೇಶಿ ಪದವಿಯಿಂದಲೇ ವಿದ್ವತ್ತು ಹುಟ್ಟುತ್ತದೆ ಎಂದು ಯಾರೂ ವಾದಿಸಬೇಕಿಲ್ಲ. ಉತ್ತರ ಇರುವುದು ವಿದ್ವತ್ತಿನಲ್ಲಿ ಅಲ್ಲ, ಕಾಗದದಲ್ಲಿ. ಕರ್ನಾಟಕದ ಕಳೆದ ನಾಲ್ಕು ಶತಮಾನಗಳ ಕಾಗದಪತ್ರಗಳ ಒಂದು ದೊಡ್ಡ ಪಾಲು ಕರ್ನಾಟಕದಲ್ಲಿಲ್ಲ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಗ್ರಂಥಭಂಡಾರ ಕಂಪನಿಯ ವಶವಾಯಿತು. ಅದರ ಗ್ರಂಥಸೂಚಿಯನ್ನು ಚಾರ್ಲ್ಸ್ ಸ್ಟೀವರ್ಟ್ 1809ರಲ್ಲಿ ಪ್ರಕಟಿಸಿದ. ಟಿಪ್ಪು ಸ್ವಹಸ್ತದಿಂದ ಪಾರ್ಸಿಯಲ್ಲಿ ಬರೆದಿಟ್ಟ ಕನಸುಗಳ ಪುಸ್ತಕ ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದೇ ಗ್ರಂಥಾಲಯದಲ್ಲಿರುವ ಇಂಡಿಯಾ ಆಫೀಸಿನ ದಾಖಲೆಗಳು 1600ರಲ್ಲಿ ಕಂಪನಿ ಹುಟ್ಟಿದಂದಿನಿಂದ ಬ್ರಿಟಿಷರ ಆಳ್ವಿಕೆ ಮುಗಿಯುವವರೆಗಿನವು. ಸಾಲಾಗಿ ಜೋಡಿಸಿದರೆ 14 ಕಿಲೋಮೀಟರಿನಷ್ಟು ಉದ್ದ. ಕರ್ನಲ್ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯನ್ನು ಅಳೆಯುತ್ತ ತನ್ನ ಸಹಾಯಕರಿಂದ ಊರೂರಿನ ಕೈಫಿಯತ್ತುಗಳನ್ನು ಬರೆಸಿದ. ಅವನ ಸಂಗ್ರಹದ ಒಂದು ಭಾಗ ಚೆನ್ನೈನಲ್ಲಿ ಉಳಿಯಿತು, ಇನ್ನೊಂದು ಭಾಗ ಲಂಡನ್ನಿಗೆ ಹೋಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಪತ್ರಗಳು, ವರದಿಗಳು, ಛಾಯಾಚಿತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿವೆ. ಅವುಗಳಲ್ಲಿ ಬಹಳಷ್ಟು ಹಳೆಯ ಜರ್ಮನ್ ಕೈಬರಹದಲ್ಲಿವೆ. ಜರ್ಮನ್ ಬಲ್ಲವರೂ ಆ ಲಿಪಿಯನ್ನು ಬೇರೆಯಾಗಿ ಕಲಿಯಬೇಕು. ಕರಾವಳಿಯ ಅಕ್ಕಿ, ಮೆಣಸುಗಳ ವ್ಯಾಪಾರದ ಲೆಕ್ಕಗಳನ್ನು ಹುಡುಕುವವರು ಲಿಸ್ಬನ್ನಿಗೂ ಹೇಗ್ ನಗರಕ್ಕೂ ಹೋಗಬೇಕಾಗುತ್ತದೆ.

ಕಾಗದ ಹೋದ ಕಡೆಗೆ ಓದುಗನೂ ಹೋಗಬೇಕಾದ ಸ್ಥಿತಿ ಹೊಸದಲ್ಲ. ದಕ್ಷಿಣ ಕನ್ನಡದ ಭಾಸ್ಕರ ಆನಂದ ಸಾಲೆತ್ತೂರರು ಲಂಡನ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡಿದರು. ವಿಜಯನಗರದ ಸಾಮಾಜಿಕ ಮತ್ತು ರಾಜಕೀಯ ಜೀವನವನ್ನು ಕುರಿತ ಅವರ ಗ್ರಂಥ ಎರಡು ಸಂಪುಟಗಳಲ್ಲಿ 1934ರಲ್ಲಿ ಹೊರಬಂತು. ರಾಜರ ವಂಶಾವಳಿಯ ಆಚೆಗೆ ಜನಜೀವನದ ಕಡೆಗೆ ಕಣ್ಣು ಹಾಯಿಸಿದ ಆರಂಭದ ಪ್ರಯತ್ನಗಳಲ್ಲಿ ಅದೂ ಒಂದು.

ಆದರೆ ಲಂಡನ್ನಿನಲ್ಲಿ ಇರುವುದೆಲ್ಲ ಸತ್ಯವೆಂದು ತಿಳಿಯುವ ಅಪಾಯವೂ ಇದೆ. ಅಲ್ಲಿರುವುದು ಗೆದ್ದವರ ಕಡತ. ಟಿಪ್ಪುವನ್ನು ಕೊಂದವರೇ ಟಿಪ್ಪುವಿನ ಕಾಗದಗಳನ್ನು ಜೋಪಾನ ಮಾಡಿದರು. ಅವನ ಕ್ರೌರ್ಯದ ಕಥೆಗಳನ್ನು ತಮ್ಮ ಯುದ್ಧಕ್ಕೆ ಸಮರ್ಥನೆಯಾಗಿ ಬರೆದವರೂ ಅವರೇ. ಮೆಕೆಂಜಿಗಾಗಿ ದುಡಿದ ಕಾವಲಿ ಸಹೋದರರು ಬ್ರಾಹ್ಮಣ ವಿದ್ವಾಂಸರು. ಊರಿನ ಚರಿತ್ರೆ ಕೇಳುವಾಗ ಲೆಕ್ಕ ಬರೆಯುವವರು, ಜಮೀನುಳ್ಳವರು, ದೇವಸ್ಥಾನದವರು ಮಾತಾಡಿದಷ್ಟು ಹೊಲಗೇರಿಯ ಜನ ಮಾತಾಡಿರುವ ಸಂಭವ ಕಡಿಮೆ. ದಾಖಲೆಯಲ್ಲಿ ಯಾರ ದನಿ ಇದೆ, ಯಾರದು ಇಲ್ಲ ಎಂದು ಗುರುತಿಸುವುದೇ ಇತಿಹಾಸದ ಎಂ.ಎ. ತರಗತಿಯಲ್ಲಿ ಕಲಿಸುವ ಮುಖ್ಯ ವಿದ್ಯೆ. ಆ ಮೌನವನ್ನು ಬೇಗ ಗುರುತಿಸಬಲ್ಲವರು ಆ ಮೌನದೊಳಗೆ ಬೆಳೆದವರು.

ಒಂದು ಉದಾಹರಣೆ ಸಾಕು. ಬ್ರಿಟಿಷ್ ಸರ್ಕಾರ 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ತಂದಿತು. 1911ರ ಪರಿಷ್ಕೃತ ಕಾಯ್ದೆಯ ನಂತರ ಮದ್ರಾಸ್ ಪ್ರಾಂತ್ಯದಲ್ಲಿ ಕೊರಚ ಸಮುದಾಯವೂ ಅದರ ಬಲೆಗೆ ಬಿತ್ತು. ಬೆರಳಚ್ಚು, ಪೊಲೀಸ್ ಹಾಜರಿ, ಊರು ಬಿಡಲು ಅಪ್ಪಣೆ: ಹುಟ್ಟೇ ಅಪರಾಧವಾಗಿ ಎಣಿಸಲ್ಪಟ್ಟಿತು. ಕಾಯ್ದೆ ರದ್ದಾದದ್ದು 1952ರಲ್ಲಿ. ಅದನ್ನು ಸಮರ್ಥಿಸಿದ ಟಿಪ್ಪಣಿಗಳು, ವರದಿಗಳು, ಪತ್ರವ್ಯವಹಾರಗಳು ಇಂಡಿಯಾ ಆಫೀಸಿನ ದಾಖಲೆಗಳಲ್ಲಿ ಸೇರಿವೆ. ಕೊರಚರು ಇಂದು ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದ್ದಾರೆ. ಆ ಸಮುದಾಯದ ಹುಡುಗಿಯೊಬ್ಬಳು ಲಂಡನ್ನಿನಲ್ಲಿ ಕುಳಿತು ತನ್ನ ಮುತ್ತಜ್ಜನ ಪೀಳಿಗೆಯ ಮೇಲೆ ಹೊರಿಸಿದ ಆರೋಪದ ಕಡತವನ್ನು ತೆರೆದು ಓದಿ ಉತ್ತರ ಬರೆಯಬೇಕೆಂದರೆ, 2022ರ ಮಾರ್ಗಸೂಚಿ ಆಕೆಗೆ ಅಡ್ಡ ನಿಲ್ಲುತ್ತದೆ. ಅಂದು ಊರು ಬಿಡಲು ಅಪ್ಪಣೆ ಬೇಕಿತ್ತು. ಇಂದು ಅದನ್ನು ಕುರಿತು ಓದಲು ಅಪ್ಪಣೆ ಬೇಕು.

ಸರ್ಕಾರದ ನೆರವಿಲ್ಲದೆ ಹೊರಡುವವರ ಲೆಕ್ಕವನ್ನೂ ನೋಡೋಣವೆಂದರೆ, ಅದು ಇನ್ನಷ್ಟು ಕಠೋರ. ಬ್ರಿಟನ್ನಿನಲ್ಲಿ ಇತಿಹಾಸದ ಎಂ.ಎ. ಒಂದೇ ವರ್ಷದ ಓದು. ವಿದೇಶಿ ವಿದ್ಯಾರ್ಥಿಯ ಶುಲ್ಕ ಬಹುತೇಕ ಕಡೆ 20 ಸಾವಿರದಿಂದ 30 ಸಾವಿರ ಪೌಂಡುಗಳ ನಡುವೆ. ಲಂಡನ್ನಿನಲ್ಲಿ ಓದುವವರು ವೀಸಾಕ್ಕಾಗಿ ತಿಂಗಳಿಗೆ 1,529 ಪೌಂಡಿನಂತೆ 9 ತಿಂಗಳ ಜೀವನವೆಚ್ಚವನ್ನು ಬ್ಯಾಂಕಿನಲ್ಲಿ ತೋರಿಸಬೇಕು. ಆರೋಗ್ಯ ಸೇವೆಯ ಮೇಲ್ತೆರಿಗೆ ವರ್ಷಕ್ಕೆ 776 ಪೌಂಡು. ಎಲ್ಲ ಸೇರಿದರೆ 35 ಲಕ್ಷ ರೂಪಾಯಿಗೆ ಕಡಿಮೆಯಾಗದ ಮೊತ್ತ. ಬ್ಯಾಂಕು ಇಷ್ಟು ಸಾಲಕ್ಕೆ ಆಸ್ತಿಯ ಆಧಾರ ಕೇಳುತ್ತದೆ. ಜಮೀನಿದ್ದವರ ಮಕ್ಕಳು ಇತಿಹಾಸ ಓದುತ್ತಾರೆ. ಜಮೀನಿಲ್ಲದವರು ಇತಿಹಾಸದ ವಸ್ತುವಾಗಿ ಉಳಿಯುತ್ತಾರೆ. ಚೀವ್ನಿಂಗ್, ಕಾಮನ್‌ವೆಲ್ತ್, ಫೆಲಿಕ್ಸ್‌ನಂಥ ವಿದ್ಯಾರ್ಥಿವೇತನಗಳಿವೆ ನಿಜ. ಅವು ಕೆಲವರ ಬದುಕನ್ನೇ ಬದಲಿಸಿವೆ. ಆದರೆ ಸ್ಪರ್ಧೆ ಎಲ್ಲ ವಿಷಯಗಳವರ ನಡುವೆ. ಇಂಗ್ಲಿಷಿನಲ್ಲಿ ತನ್ನನ್ನು ತಾನು ಪರಿಚಯಿಸಿಕೊಳ್ಳುವ ಕಲೆ ಬಲ್ಲವರಿಗೆ ಅಲ್ಲಿ ಮೊದಲ ಮಣೆ.

ಬಂದ ಮೇಲೂ ಕಾಲ ಓಡುತ್ತದೆ. ಸೆಪ್ಟೆಂಬರಿನಲ್ಲಿ ತರಗತಿ ಆರಂಭ. ಮುಂದಿನ ಸೆಪ್ಟೆಂಬರಿನೊಳಗೆ ಸಾಮಾನ್ಯವಾಗಿ 15,000 ಪದಗಳ ಆಸುಪಾಸಿನ ಸಂಶೋಧನಾ ಪ್ರಬಂಧ ಕೈಸೇರಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷ್ ಬರವಣಿಗೆ ಕೈಗೆ ಹತ್ತುವ ವೇಳೆಗೆ ಅರ್ಧ ವರ್ಷ ಕಳೆದಿರುತ್ತದೆ. ತರಗತಿ ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಆ 20 ಗಂಟೆ ಅಂಗಡಿಯಲ್ಲೋ ಹೋಟೆಲಿನ ಅಡುಗೆಮನೆಯಲ್ಲೋ ಕಳೆಯುತ್ತದೆ. 2023ರ ಅಕ್ಟೋಬರಿನಲ್ಲಿ ಬ್ರಿಟಿಷ್ ಲೈಬ್ರರಿಯ ಗಣಕಜಾಲದ ಮೇಲೆ ಸೈಬರ್ ದಾಳಿ ನಡೆದು ಸೇವೆಗಳು ತಿಂಗಳುಗಟ್ಟಲೆ ಅಸ್ತವ್ಯಸ್ತವಾದವು. ಅಲ್ಲೇ ನೆಲೆಸಿದ ಪ್ರಾಧ್ಯಾಪಕರಿಗೆ ಅದೊಂದು ತೊಂದರೆ. ಒಂದೇ ವರ್ಷದ ವೀಸಾದ ಮೇಲೆ ಬಂದವರಿಗೆ ಅದು ಇಡೀ ವರ್ಷದ ಪ್ರಶ್ನೆ.

ಪದವಿಯ ನಂತರದ ದಾರಿಯೂ ಕಿರಿದಾಗುತ್ತಿದೆ. 2024ರ ಜನವರಿಯಿಂದ ಬೋಧನಾ ಪ್ರಧಾನ ಸ್ನಾತಕೋತ್ತರ ವಿದ್ಯಾರ್ಥಿಗಳು ಗಂಡ, ಹೆಂಡತಿ, ಮಕ್ಕಳನ್ನು ಜೊತೆಗೆ ಕರೆತರುವಂತಿಲ್ಲ. ಮದುವೆಯಾಗಿ, ಮಗುವಾದ ಮೇಲೆ ಓದಲು ಹೊರಟ ಹೆಣ್ಣುಮಗಳಿಗೆ ಈ ನಿಯಮ ಓದು ಅಥವಾ ಮಗು ಎಂಬ ಆಯ್ಕೆ ಒಡ್ಡುತ್ತದೆ. ಪದವಿ ಮುಗಿದ ಮೇಲೆ ಉಳಿದು ಕೆಲಸ ಹುಡುಕಲು ಇದ್ದ ಎರಡು ವರ್ಷಗಳ ಅವಧಿಯನ್ನು 2027ರ ಜನವರಿಯಿಂದ 18 ತಿಂಗಳಿಗೆ ಇಳಿಸುವ ತೀರ್ಮಾನವಾಗಿದೆ. ಕುಶಲ ಕೆಲಸಗಾರರ ವೀಸಾಕ್ಕೆ 2025ರ ಜುಲೈಯಿಂದ ಸಾಮಾನ್ಯ ಸಂಬಳದ ಮಿತಿ ವರ್ಷಕ್ಕೆ 41,700 ಪೌಂಡು. ವಸ್ತುಸಂಗ್ರಹಾಲಯ, ಪತ್ರಾಗಾರಗಳ ಆರಂಭದ ಸಂಬಳ ಅದನ್ನು ಮುಟ್ಟುವುದು ವಿರಳ. ಅಮೆರಿಕದಲ್ಲಿ ವಿಜ್ಞಾನ, ತಂತ್ರಜ್ಞಾನದ ಪದವೀಧರರಿಗೆ ಓದಿನ ನಂತರ ಒಟ್ಟು 36 ತಿಂಗಳ ಕೆಲಸಕ್ಕೆ ಅವಕಾಶವಿದ್ದರೆ, ಇತಿಹಾಸದವರಿಗೆ ಸಿಗುವುದು 12 ತಿಂಗಳು. ಯಾವ ಜ್ಞಾನಕ್ಕೆ ಎಷ್ಟು ಬೆಲೆ ಎಂಬುದನ್ನು ವಲಸೆ ಇಲಾಖೆಗಳು ತಿಂಗಳುಗಳ ಲೆಕ್ಕದಲ್ಲಿ ನಿಗದಿ ಮಾಡಿವೆ.

ವಿಶ್ವವಿದ್ಯಾಲಯಗಳೂ ಇದೇ ತಕ್ಕಡಿಯಲ್ಲಿ ತೂಗುತ್ತಿವೆ. ಇಂಗ್ಲೆಂಡಿನ ಚಿಚೆಸ್ಟರ್ ವಿಶ್ವವಿದ್ಯಾಲಯ 2023ರಲ್ಲಿ ಆಫ್ರಿಕಾ ಮತ್ತು ಆಫ್ರಿಕನ್ ವಲಸಿಗರ ಇತಿಹಾಸದ ಸ್ನಾತಕೋತ್ತರ ಸಂಶೋಧನಾ ಪದವಿಗೆ ಪ್ರವೇಶ ನಿಲ್ಲಿಸಿತು. ಅದನ್ನು ಕಟ್ಟಿದ ಪ್ರಾಧ್ಯಾಪಕ ಹಕೀಮ್ ಆದಿ ಕೆಲಸ ಕಳೆದುಕೊಂಡರು. ಲಾಭ ತರದ ಇತಿಹಾಸ ಎಂದು ಮೊದಲು ಮುಚ್ಚಿಹೋಗುವುದು ಹೆಚ್ಚಾಗಿ ದುರ್ಬಲರ ಇತಿಹಾಸವೇ.

ಗೆಳೆಯರೆ, ಹಣ ಮತ್ತು ವೀಸಾಗಳಾಚೆಗೆ ಇನ್ನೊಂದು ಅಂಕುಶವಿದೆ. ಅದು ಮಾತಿನ ಮೇಲಿನದು. 2025ರ ಮಾರ್ಚ್ ತಿಂಗಳಲ್ಲಿ ಟಫ್ಟ್ಸ್ ವಿಶ್ವವಿದ್ಯಾಲಯದ ಟರ್ಕಿಯ ವಿದ್ಯಾರ್ಥಿನಿ ರುಮೇಸಾ ಓಜ್‌ತುರ್ಕ್ ಅವರನ್ನು ಮುಸುಕು ಹಾಕಿದ್ದ ಅಧಿಕಾರಿಗಳು ಬೀದಿಯಲ್ಲೇ ಬಂಧಿಸಿದರು. ವಿದ್ಯಾರ್ಥಿ ಪತ್ರಿಕೆಯಲ್ಲಿ ಪ್ಯಾಲೆಸ್ತೀನ್ ಕುರಿತು ಸಹಲೇಖಕಿಯಾಗಿ ಬರೆದ ಒಂದು ಲೇಖನ ಅದರ ಹಿಂದಿತ್ತು. ಆರು ವಾರಗಳ ನಂತರ ನ್ಯಾಯಾಧೀಶರ ಆದೇಶದಿಂದ ಅವರ ಬಿಡುಗಡೆಯಾಯಿತು. ವೀಸಾದ ಮೇಲಿರುವ ಪ್ರತಿ ವಿದ್ಯಾರ್ಥಿಗೂ ಆ ಬಂಧನದ ಸಂದೇಶ ತಲುಪಿತು.

ತವರಿನ ಬಾಗಿಲಲ್ಲೂ ಇದೇ ಕಾವಲು. ಸಂವಿಧಾನವನ್ನು ಕುರಿತ ಸಮಾವೇಶಕ್ಕೆ ಕರ್ನಾಟಕ ಸರ್ಕಾರವೇ ಆಹ್ವಾನಿಸಿದ್ದ ಲಂಡನ್ನಿನ ಪ್ರಾಧ್ಯಾಪಕಿ ನಿತಾಶಾ ಕೌಲ್ ಅವರನ್ನು 2024ರ ಫೆಬ್ರುವರಿಯಲ್ಲಿ ಬೆಂಗಳೂರು ವಿಮಾನ ನಿಲ್ದಾಣದಿಂದಲೇ ಹಿಂದಕ್ಕೆ ಕಳುಹಿಸಲಾಯಿತು. ಮರುವರ್ಷ ಅವರ ಸಾಗರೋತ್ತರ ಭಾರತೀಯ ಪೌರತ್ವವೂ ರದ್ದಾಯಿತು. ಹಿಂದಿ ಸಾಹಿತ್ಯ ಚರಿತ್ರೆಯ ದೊಡ್ಡ ವಿದ್ವಾಂಸರಾದ ಫ್ರಾಂಚೆಸ್ಕಾ ಒರ್ಸಿನಿ ಅವರನ್ನು 2025ರ ಅಕ್ಟೋಬರಿನಲ್ಲಿ ದೆಹಲಿಯಿಂದ ವಾಪಸು ಕಳುಹಿಸಿದರು. ಹೀಗೆ ವಿದೇಶದಲ್ಲಿ ಭಾರತದ ಇತಿಹಾಸ ಓದುವ ವಿದ್ಯಾರ್ಥಿ ಎರಡು ಸರ್ಕಾರಗಳ ನಡುವೆ ನಡೆಯಬೇಕು. ಒಂದು ಕಡೆ ವೀಸಾ ಹೋಗಬಹುದು, ಇನ್ನೊಂದು ಕಡೆ ಊರಿಗೆ ಮರಳುವ ಹಾದಿ ಮುಚ್ಚಬಹುದು.

ಒಣ ವಿಷಯವೆನಿಸುವ ಇತಿಹಾಸಕ್ಕೆ ಇಷ್ಟೊಂದು ಹೆದರಿಕೆ ಏಕೆ? ಉತ್ತರ ಕರ್ನಾಟಕದಲ್ಲೇ ಇದೆ. 2023ರ ವಿಧಾನಸಭಾ ಚುನಾವಣೆಗೆ ಮುನ್ನ, ಟಿಪ್ಪುವನ್ನು ಕೊಂದವರು ಉರಿಗೌಡ, ನಂಜೇಗೌಡ ಎಂಬ ಒಕ್ಕಲಿಗ ವೀರರು ಎಂಬ ಕಥೆ ಮಂಡ್ಯ ಸೀಮೆಯಲ್ಲಿ ಹಬ್ಬಿತು. ಮಹಾದ್ವಾರಕ್ಕೆ ಅವರ ಹೆಸರು ಬಂತು, ಚಲನಚಿತ್ರದ ಮಾತೂ ಬಂತು. ಆಧಾರವಿಲ್ಲದ ಕಥೆಗೆ ಸಿನಿಮಾ ಬೇಡವೆಂದು ಆದಿಚುಂಚನಗಿರಿಯ ಸ್ವಾಮೀಜಿಯವರೇ ಹೇಳಿದ ಮೇಲೆ ಅದು ನಿಂತಿತು. ಆ ಕಥೆಯನ್ನು ಸೋಲಿಸಿದ್ದು ಘೋಷಣೆಯಲ್ಲ, ಆಧಾರ ಎಲ್ಲಿದೆ ಎಂಬ ಎರಡು ಪದಗಳ ಪ್ರಶ್ನೆ. ಆ ಪ್ರಶ್ನೆ ಕೇಳುವುದನ್ನು ಕಲಿಸುವ ವಿದ್ಯೆಯೇ ಇತಿಹಾಸ.

ಅದರ ಬೆಲೆ ಎಷ್ಟೆಂಬುದೂ ಕನ್ನಡಿಗರಿಗೆ ತಿಳಿದಿದೆ. ಮೆಕೆಂಜಿಯ ಕೈಫಿಯತ್ತುಗಳನ್ನು ಸಂಪಾದಿಸಿ ಕನ್ನಡಿಗರ ಕೈಗಿತ್ತ, ಶಾಸನಗಳನ್ನೂ ವಚನಗಳನ್ನೂ ಶೋಧಿಸಿದ ಎಂ. ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಅವರ ಮನೆಯಲ್ಲೇ ಗುಂಡಿಟ್ಟು ಕೊಲ್ಲಲಾಯಿತು. ಅವರು ನೆಚ್ಚಿದ್ದೂ ಹಳೆಯ ಕಾಗದ ಮತ್ತು ಕಲ್ಲುಗಳನ್ನೇ.

ಹೀಗಿರುವಾಗ, ನೆಲೆಯೂರಿದ ವಲಸಿಗರ ಪಾಲಿನ ಕೆಲಸವೇನು? ದೊಡ್ಡ ಠರಾವುಗಳಿಗಿಂತ ಸಣ್ಣ ಕೆಲಸಗಳು ಇಲ್ಲಿ ಹೆಚ್ಚು ಉಪಯುಕ್ತ.

ಮೊದಲನೆಯದು ಸೂರು. 1917ರಲ್ಲಿ ಕೊಲಂಬಿಯಾದ ಪದವಿಯೊಡನೆ ಬರೋಡಕ್ಕೆ ಮರಳಿದ ಅಂಬೇಡ್ಕರರಿಗೆ ಬಾಡಿಗೆಗೆ ಒಂದು ಕೋಣೆ ಸಿಗಲಿಲ್ಲ. ಜಾತಿ ಬಚ್ಚಿಟ್ಟು ಪಾರ್ಸಿ ವಸತಿಗೃಹದಲ್ಲಿ ತಂಗಿದ್ದವರನ್ನು ಅಲ್ಲಿಂದಲೂ ಹೊರಹಾಕಿದರು. ಇಂದು ಲಂಡನ್ನಿಗೋ ಟೊರಾಂಟೊಗೋ ಬಂದಿಳಿಯುವ ವಿದ್ಯಾರ್ಥಿಗೆ, ಜಾತಿಯ ಸುಳಿವು ಹುಡುಕುವ ಪ್ರಶ್ನೆಗಳನ್ನು ಕೇಳದೆ, ಮೊದಲ ಮೂರು ವಾರ ಒಂದು ಕೋಣೆ ಬಿಟ್ಟುಕೊಡುವ ಕನ್ನಡ ಮನೆಗಳ ಪಟ್ಟಿಯೊಂದನ್ನು ಪ್ರತಿ ನಗರದಲ್ಲೂ ಸಿದ್ಧಪಡಿಸಬಹುದು. ಅದಕ್ಕೆ ಹಣ ಬೇಕಿಲ್ಲ.

ಎರಡನೆಯದು ನಿಧಿ. ಪೂರ್ಣ ಶುಲ್ಕ ಭರಿಸುವುದು ಸಣ್ಣ ಸಂಘಗಳಿಗೆ ಆಗದ ಮಾತು. ಆದರೆ ಲಂಡನ್ನಿನಲ್ಲಿ ಓದುವವರನ್ನು ಎರಡು ವಾರ ಬಾಸೆಲ್ಲಿಗೆ ಕಳುಹಿಸಲು, ಬೆಂಗಳೂರಿನ ವಿದ್ಯಾರ್ಥಿಗೆ ಬೇಕಾದ ಒಂದು ಕಡತದ ಪ್ರತಿ ತೆಗೆಸಿಕೊಡಲು ಆಗುವ ಖರ್ಚು ಒಂದು ದಸರಾ ಸಮಾರಂಭದ ಊಟದ ಖರ್ಚಿಗಿಂತ ಹೆಚ್ಚೇನಲ್ಲ.

ಮೂರನೆಯದು ಒತ್ತಾಯ. 2022ರ ನಿಷೇಧವನ್ನು ಹಿಂತೆಗೆಯಬೇಕೆಂಬ ಬೇಡಿಕೆ ವಿದೇಶದ ಕನ್ನಡಿಗರಿಂದ ಸಂಸತ್ ಸದಸ್ಯರಿಗೆ ಬರಹದಲ್ಲಿ ತಲುಪಬೇಕು. ಕರ್ನಾಟಕದ ಸಮಾಜ ಕಲ್ಯಾಣ ಇಲಾಖೆ ವಿದೇಶ ವ್ಯಾಸಂಗಕ್ಕೆ ನೀಡುವ ‘ಪ್ರಬುದ್ಧ’ ವಿದ್ಯಾರ್ಥಿವೇತನದಲ್ಲಿ ಇತಿಹಾಸಕ್ಕೆ, ಅದರಲ್ಲೂ ಕರ್ನಾಟಕದ ಇತಿಹಾಸಕ್ಕೆ, ನಿಶ್ಚಿತ ಸ್ಥಾನಗಳಿರಬೇಕೆಂದು ಕೇಳುವುದೂ ನ್ಯಾಯವಾದದ್ದೇ. ಕೇಂದ್ರ ಮುಚ್ಚಿದ ಕದವನ್ನು ರಾಜ್ಯ ತೆರೆಯಬಹುದು.

ನಾಲ್ಕನೆಯದು, ಎಲ್ಲಕ್ಕಿಂತ ಸುಲಭವಾದದ್ದು ಮತ್ತು ಎಲ್ಲರೂ ಮರೆತದ್ದು: ಕನ್ನಡ. ಪ್ರತಿ ವರ್ಷ ಹಲವು ವಿದ್ಯಾರ್ಥಿಗಳು ಕರ್ನಾಟಕಕ್ಕೆ ಸಂಬಂಧಿಸಿದ ಎಂ.ಎ. ಪ್ರಬಂಧಗಳನ್ನು ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಅಂಕ ಬಿದ್ದ ಮೇಲೆ ಅವು ವಿಭಾಗದ ಕಪಾಟಿನಲ್ಲೋ ಯಾವುದೋ ಗಣಕದ ಮೂಲೆಯಲ್ಲೋ ಮಲಗುತ್ತವೆ. ಕಾಗದ ಒಮ್ಮೆ ಊರು ಬಿಟ್ಟು ಹೋಯಿತು; ಅದನ್ನು ಓದಿ ಪಡೆದ ಅರಿವೂ ಪರದೇಶದಲ್ಲೇ ಉಳಿದರೆ ಅದು ಎರಡನೆಯ ನಷ್ಟ. ಆ ಪ್ರಬಂಧಗಳ ಸಾರವನ್ನು ಕನ್ನಡದಲ್ಲಿ ಬರೆಸಿ, ತಿದ್ದಿ, ಪ್ರಕಟಿಸುವ ಹೊಣೆಯನ್ನು ವಲಸಿಗರ ಪತ್ರಿಕೆಗಳು ಹೊರಬಹುದು. ಹೊಸಪೇಟೆಯ ಕಾಲೇಜಿನ ಅಧ್ಯಾಪಕರಿಗೆ, ಪುತ್ತೂರಿನ ಹೈಸ್ಕೂಲಿನ ಮೇಷ್ಟ್ರಿಗೆ ಅದು ತಲುಪಿದರೆ, ಮುಂದಿನ ಸುಳ್ಳು ಹುಟ್ಟುವ ಹೊತ್ತಿಗೆ ಆಧಾರ ಕೇಳುವವರು ಅಲ್ಲೇ ಇರುತ್ತಾರೆ.

ತನ್ನ ಜನರ ಚರಿತ್ರೆಯನ್ನು ಓದುವ ಹಕ್ಕು ಪದವಿಯ ಮಾರುಕಟ್ಟೆ ಬೆಲೆಯನ್ನಾಗಲಿ, ಅಪ್ಪನ ಜಮೀನನ್ನಾಗಲಿ, ಇಲಾಖೆಯೊಂದರ ಮಾರ್ಗಸೂಚಿಯನ್ನಾಗಲಿ ಅವಲಂಬಿಸಬಾರದು. ಮಹಾರಾಜರೊಬ್ಬರು 1913ರಲ್ಲಿ ತಿಂಗಳಿಗೆ ಹನ್ನೊಂದೂವರೆ ಪೌಂಡು ಕೊಟ್ಟು ತೆರೆದ ಬಾಗಿಲನ್ನು ಗಣರಾಜ್ಯವೊಂದು ಮುಚ್ಚುವುದು ಅದರ ಸಂವಿಧಾನಕ್ಕೆ ಶೋಭೆಯಲ್ಲ.